ಮುನೇಶ್ವರನ ದಿಣ್ಣೆಯಲ್ಲಿ ಆರುವ ಕಿಡಿ

ನನಗೆ ಕೋಪ ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ, ಯಾಕೆಂದರೆ ಹೊಸೂರಿನ ಮೂಕಂಡಪಲ್ಲಿಯ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಮೂವತ್ತೊಂದು ವರ್ಷ ಇಲ್ಲಿನ ಒಂದು ಕಾರ್ಖಾನೆಯ ವೈಂಡಿಂಗ್ ಸೆಕ್ಷನ್ನಿನಲ್ಲಿ ಕೂತು ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿದವಳು ನಾನು. ಕೂದಲೆಳೆಯಂಥ ತಂತಿಯನ್ನು ತುಂಡಾಗದಂತೆ ಸಾವಿರಾರು ಸುತ್ತು ಸುತ್ತುವುದರಲ್ಲಿ ಇವಳ ತಾಳ್ಮೆಯೆಲ್ಲ ಅಲ್ಲೇ ಖರ್ಚಾಗಿ ಮನೆಗೆ ಏನೂ ಉಳಿಯುತ್ತಿರಲಿಲ್ಲ ಎಂದು ನಮ್ಮ ಯಜಮಾನರು ನೆಂಟರ ಮುಂದೆ ಹೇಳುತ್ತಾರೆ. ರಿಟೈರಾದ ಮೇಲೆ ಊಟದ ಮೇಜಿನ ಮೇಲೆ ಒಂದು ಕೈ ವೈಂಡಿಂಗ್ ಮೆಷೀನು ಕೂರಿಸಿಕೊಂಡು ಬೀದಿಯವರ ಮಿಕ್ಸಿ, ಫ್ಯಾನುಗಳ ಸುಟ್ಟ ಕಾಯಿಲ್ ಸುತ್ತಿಕೊಡುತ್ತೇನೆ. ಊಟವನ್ನು ನಾವು ನೆಲದ ಮೇಲೆ ಮಾಡುತ್ತೇವೆ.

ಮಗಳನ್ನು ಕೊಟ್ಟಿರುವುದು ರಾಯಕೋಟೆ ಹತ್ತಿರದ ಒಂದು ಹಳ್ಳಿಗೆ. ಟೊಮೇಟೊ, ಗುಲಾಬಿ ಬೆಳೆಯುವ ಮನೆ. ಒಳಗೆ ಕನ್ನಡ, ಹೊಲದಲ್ಲಿ ತೆಲುಗು, ಮಾರ್ಕೆಟ್ಟಿನಲ್ಲಿ ತಮಿಳು. ಆ ಮನೆಯ ಯಜಮಾನರು, ಅಂದರೆ ನನ್ನ ಬೀಗರು, ಒಂದು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವರ ಅಕ್ಕ ಆ ಕೊರತೆಯನ್ನೂ ಸೇರಿಸಿ ಮಾತಾಡುತ್ತಾರೆ. ತಮ್ಮನಿಗೆ ಅರವತ್ತನಾಲ್ಕು, ಅಕ್ಕನಿಗೆ ಎಪ್ಪತ್ತಾರು. ಇಪ್ಪತ್ತನೇ ವಯಸ್ಸಿನಲ್ಲಿ ಗಂಡನ ಮನೆಯಿಂದ ವಾಪಸ್ಸು ಬಂದ ಅಕ್ಕ ಮತ್ತೆ ಅತ್ತ ಹೋಗಲಿಲ್ಲ. ಯಾಕೆ ಎಂದು ಆ ಮನೆಯಲ್ಲಿ ಯಾರೂ ಕೇಳುವುದಿಲ್ಲ, ನಾನೂ ಕೇಳಿಲ್ಲ. ಊರವರ ಮುಂದೆ ಮಗಳು ತಲೆ ತಗ್ಗಿಸಿ ನಡೆಯಬಾರದು ಎಂದು ಅವರಪ್ಪ ಅದೇ ವರ್ಷ ಅವಳನ್ನು ಮನೆಯ ಕಾರಿನ ಸ್ಟೀರಿಂಗ್ ಚಕ್ರದ ಹಿಂದೆ ಕೂರಿಸಿ ಓಡಿಸುವುದನ್ನು ಕಲಿಸಿದರಂತೆ. ನಾನೂ ಅವರನ್ನು ಅಕ್ಕಾ ಎಂದೇ ಕರೆಯುವುದು.

ಆ ಕಾರಿಗೆ ಈಗ ನೂರು ವರ್ಷ ದಾಟಿದೆ. ಹಿತ್ತಾಳೆಯ ದೀಪಗಳು, ಕ್ಯಾನ್ವಾಸಿನ ಮಾಡು, ಮುಂದೆ ತಿರುಗಿಸಲು ಒಂದು ಹ್ಯಾಂಡಲ್. ಬ್ಯಾಟರಿ ಎಂಬುದೇ ಇಲ್ಲ. ಇಂಜಿನಿನ ಪಕ್ಕದಲ್ಲಿ ಲಾಳದ ಆಕಾರದ ಅಯಸ್ಕಾಂತಗಳ ನಡುವೆ ತಂತಿ ಸುತ್ತಿದ ಒಂದು ಗುಂಡು ತಿರುಗುತ್ತದೆ. ಅದೇ ಕರೆಂಟು ಹುಟ್ಟಿಸಿ ಪ್ಲಗ್ಗುಗಳಿಗೆ ಕಿಡಿ ಹಂಚುತ್ತದೆ. ಅದೇ ಮ್ಯಾಗ್ನೆಟೊ. ತಂತಿ ಸುತ್ತಿದ ಆ ಗುಂಡಿಗೆ ಆರ್ಮೇಚರ್ ಎನ್ನುತ್ತಾರೆ. ಮೊದಲ ಸಲ ಅದನ್ನು ನೋಡಿದಾಗ ನನಗೆ ಸ್ವಂತ ಅಜ್ಜಿಯನ್ನು ನೋಡಿದ ಹಾಗಾಯಿತು. ನಾನು ಮೂವತ್ತೊಂದು ವರ್ಷ ಸುತ್ತಿದ್ದೆಲ್ಲ ಇದರ ಮರಿಮಕ್ಕಳನ್ನೇ.

ತೊಂದರೆ ಶುರುವಾಗಿದ್ದು ಮೂರು ವರ್ಷದ ಹಿಂದೆ. ಮನೆಯಿಂದ ಹೊರಟ ಕಾರು ಚೆನ್ನಾಗಿಯೇ ಓಡುತ್ತಿತ್ತು. ಹತ್ತು ಹದಿನೈದು ನಿಮಿಷವಾಗಿ, ರಾಯಕೋಟೆ ದಾರಿಯ ಮುನೇಶ್ವರನ ದಿಣ್ಣೆ ಹತ್ತುವಾಗ ಸದ್ದಿಲ್ಲದೆ ನಿಂತುಬಿಡುತ್ತಿತ್ತು. ಅಕ್ಕ ಇಳಿದು, ಗಾಲಿಗೆ ಕಲ್ಲು ಕೊಟ್ಟು, ಹುಣಸೆಮರದ ಕೆಳಗೆ ಕೂತು ಫ್ಲಾಸ್ಕಿನಿಂದ ಕಾಫಿ ಕುಡಿಯುತ್ತಿದ್ದರು. ಬಿಸಿಯಾದ ಇಂಜಿನ್ನು ನಿಂತರೆ ಅರ್ಧ ಗಂಟೆ ಮುಟ್ಟಕೂಡದು, ಅದು ಅಪ್ಪನ ಕಟ್ಟಳೆ. ಅರ್ಧ ಗಂಟೆ ಬಿಟ್ಟು ಹ್ಯಾಂಡಲ್ ಹಾಕಿದರೆ ಕಾರು ಹೊರಡುತ್ತಿತ್ತು. ಆದರೆ ಅಷ್ಟರಲ್ಲಿ ಯಾರೋ ನೋಡಿ ಫೋನ್ ಮಾಡಿ, ಬೀಗರು ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿ ಎಳೆದುಕೊಂಡು ಬರುವುದೇ ಹೆಚ್ಚು. ಹೊಸೂರಿನಿಂದ ಇಬ್ಬರು ಮೆಕ್ಯಾನಿಕ್ಕುಗಳು ಬಂದರು. ತಾವೇ ಓಡಿಸಿಕೊಂಡು ದಿಣ್ಣೆ ಹತ್ತಿ ಇಳಿದರು, ಒಂದು ಸಲವೂ ನಿಲ್ಲಲಿಲ್ಲ. ಮೊದಲನೆಯವನು ಎಲ್ಲ ಸರಿಯಾಗಿದೆ ಎಂದ. ಎರಡನೆಯವನು ಏನಾದರೂ ಹೇಳಬೇಕಲ್ಲ ಎಂದು ತಮಿಳಿನಲ್ಲಿ ಕಾಯಿಲ್ ಪೋಚು, ಅಂದರೆ ಕಾಯಿಲ್ ಹೋಯಿತು, ಎಂದು ಕೈ ತೊಳೆದುಕೊಂಡ. ಬೀಗರ ಪ್ರಕಾರ ಇಬ್ಬರೂ ಕಳ್ಳರು.

ಈಚೆಗೆ ಒಂದು ದಿನ ಅದೇ ದಿಣ್ಣೆಯಲ್ಲಿ ನಿಂತ ಕಾರು ಕಲ್ಲು ಕೊಡುವ ಮುಂಚೆ ಎರಡು ಮಾರು ಹಿಂದಕ್ಕೆ ಜಾರಿತು. ಹಿಂದೆ ಬರುತ್ತಿದ್ದ ಬಸ್ಸು ಕಿರ್ರನೆ ನಿಂತದ್ದರಿಂದ ಅಕ್ಕ ಉಳಿದರು. ಆ ಸಂಜೆ ಬೀಗರು ಮನೆಯವರನ್ನೆಲ್ಲ ಜಗಲಿಗೆ ಕರೆದರು. ಹೈವೇಯಲ್ಲಿ ಹೊಸದಾಗಿ ಹೋಟೆಲು ತೆರೆಯುತ್ತಿರುವವರು ಕಾರನ್ನು ಕೇಳುತ್ತಿದ್ದಾರೆ, ಇಂಜಿನ್ನು ತೆಗೆದು ಬಾಗಿಲ ಮುಂದೆ ಹೂಕುಂಡ ಇಟ್ಟು ನಿಲ್ಲಿಸುತ್ತಾರಂತೆ ಎಂದರು. ಅಕ್ಕ ಆ ರಾತ್ರಿ ತಟ್ಟೆಯನ್ನು ಮುಂದಕ್ಕೆ ತಳ್ಳಿ ಊಟ ಬಿಟ್ಟರು. ಎರಡು ದಿನ ಬಿಟ್ಟ ಮೇಲೆ ತಮ್ಮನಿಂದ ಒಂದು ಷರತ್ತು ಹೊರಟಿತು.

"ಅಕ್ಕಾ, ರಾಯಕೋಟೆ ಮಾರ್ಕೆಟ್ ಮುಟ್ಟಿ, ಯಾರ್ ಕೈಲೂ ಎಳಸ್ಕೊಳ್ದೆ ಮನೆಗ್ ಬಂದ್ಬುಟ್ರೆ ಗಾಡಿ ಇರ್ಲಿ. ನಿಂತೋದ್ರೆ ಹೋಟ್ಲಿನೋರ್ಗೆ. ಆಮ್ಯಾಕೆ ನನ್ನ ಕೇಳ್ಬ್ಯಾಡ."

ಹೋಟೆಲಿನವರಿಗೆ ಒಂದು ತಿಂಗಳ ಗಡುವು ಹೇಳಿದ್ದರು. ಮಗಳು ಇದನ್ನೆಲ್ಲ ಫೋನಿನಲ್ಲಿ ಹೇಳುತ್ತಿದ್ದಾಗ ನನಗೆ ಮೈ ಉರಿಯಿತು. ಎಪ್ಪತ್ತಾರು ವರ್ಷದ ಹೆಂಗಸು ಐವತ್ತಾರು ವರ್ಷ ಓಡಿಸಿದ ಗಾಡಿಯನ್ನು ಹೂಕುಂಡಕ್ಕೆ ಕೊಡುವುದೆ? ಆ ಮ್ಯಾಗ್ನೆಟೊ ನಾನು ನೋಡುತ್ತೇನೆ ಎಂದೆ. ಅಮ್ಮಾ, ಅದು ನನ್ನ ಮಾವನ ಮಾತು, ನಾನಿಲ್ಲಿ ಬಾಳಬೇಕು, ನಿನ್ನ ಬಾಯಿ ಸ್ವಲ್ಪ ಮೂಕಂಡಪಲ್ಲಿಯಲ್ಲೇ ಬಿಟ್ಟು ಬಾ ಎಂದು ಮಗಳು ಗೋಗರೆದಳು. ಕೈಗಳನ್ನು ಮಾತ್ರ ತರುತ್ತೇನೆ ಎಂದು ಮಾತು ಕೊಟ್ಟು ಬಸ್ಸು ಹತ್ತಿದೆ.

ಹೋದವಳು ಪದ್ಧತಿಯಂತೆಯೇ ನೋಡಿದೆ. ಪ್ಲಗ್ಗು ಬಿಚ್ಚಿ ಇಂಜಿನಿನ ಮೈಮೇಲೆ ಮಲಗಿಸಿ ಅಕ್ಕನಿಗೆ ಹ್ಯಾಂಡಲ್ ತಿರುಗಿಸಲು ಹೇಳಿದೆ. ಕಿಡಿ ನೀಲಿಯಾಗಿ, ದಪ್ಪಗೆ, ಚಟ್ ಎಂದು ಹಾರಿತು. ಮ್ಯಾಗ್ನೆಟೊದ ಪಾಯಿಂಟುಗಳ, ಅಂದರೆ ಕೂಡಿ ಬಿಡುವ ಲೋಹದ ತುದಿಗಳ ನಡುವೆ ಹಳೆಯ ಮದುವೆ ಕಾರ್ಡಿನ ಚೂರು ಎಳೆದು ಕಸ ತೆಗೆದೆ. ಇಂಥ ಗಾಡಿಗಳನ್ನು ನಿಲ್ಲಿಸುವ ಉಪಾಯ ಸರಳ: ಮ್ಯಾಗ್ನೆಟೊದಿಂದ ಮುಂದಿನ ಹಲಗೆಯ ಸ್ವಿಚ್ಚಿಗೆ ಒಂದು ವೈರು ಬರುತ್ತದೆ, ಅದು ಗಾಡಿಯ ಕಬ್ಬಿಣಕ್ಕೆ ತಾಗಿದರೆ ಕಿಡಿ ಸತ್ತುಹೋಗುತ್ತದೆ. ಆ ವೈರು ಎಲ್ಲಾದರೂ ತಾಗುತ್ತಿದೆಯೇ ಎಂದು ಬಿಚ್ಚಿ ನೋಡಿದೆ, ಸಿಕ್ಕಿಸಿ ನೋಡಿದೆ. ಎರಡು ಸಲವೂ ಕಿಡಿ ಒಂದೇ ಸಮ. ಸರಿ, ವೈರು ಶುದ್ಧ ಎಂದು ಬಿಟ್ಟುಬಿಟ್ಟೆ.

ಉಳಿದದ್ದು ಕಾಯಿಲ್. ತಣ್ಣಗಿದ್ದಾಗ ಓಡುವುದು, ಬಿಸಿಯಾದರೆ ನಿಲ್ಲುವುದು, ಅರ್ಧ ಗಂಟೆ ಆರಿದರೆ ಮತ್ತೆ ಓಡುವುದು. ಹಳೆಯ ಅರಗಿನ ಲೇಪ ಬಿಸಿಗೆ ಕರಗಿ ಒಳಗೊಳಗೇ ಸುತ್ತುಗಳು ಒಂದಕ್ಕೊಂದು ತಾಗುವ ಲಕ್ಷಣ ಇದೇ. ಅಂಗಳದಲ್ಲಿ ಇಂಜಿನ್ನನ್ನು ಇಪ್ಪತ್ತು ನಿಮಿಷ ಓಡಿಸಿ ನೋಡಿದೆ, ನಿಲ್ಲಲಿಲ್ಲ. ಅಲ್ಲಿಯೇ ನನಗೆ ಬುದ್ಧಿ ಬರಬೇಕಿತ್ತು. ಅಂಗಳದಲ್ಲಿ ದಿಣ್ಣೆ ಎಲ್ಲಿದೆ, ಭಾರ ಎಲ್ಲಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ತಲೆನೋವು ಎಂದವರಿಗೂ ಕಾಯಿಲ್ ಸುಟ್ಟಿದೆ ಎನ್ನುವ ಜಾತಿ ನಾನು.

ಅಯಸ್ಕಾಂತದ ಶಕ್ತಿ ಸೋರಿಹೋಗದಂತೆ ಅದರ ಕಾಲುಗಳಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಕೊಟ್ಟು ಆರ್ಮೇಚರನ್ನು ಹೊರಗೆಳೆದೆ. ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ. ಹಳೆಯ ತಂತಿಗೆ ರೇಷ್ಮೆ ಸುತ್ತಿದ್ದರು. ಯಾವ ದೇಶದ ಯಾವ ಕೈಯೋ, ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಏರಿರಲಿಲ್ಲ. ಕತ್ತರಿ ಹಾಕುವ ಮುಂಚೆ ಒಂದು ಸಲ ಬೆರಳಿನಿಂದ ಸವರಿ ನೋಡಿದೆ. ಹಾಕಿದೆ. ಹನ್ನೆರಡು ದಿನ ಹೊಸ ತಂತಿ ಸುತ್ತಿದೆ, ಎರಡು ಸಲ ತುಂಡಾಯಿತು, ಎರಡು ಸಲವೂ ಯಜಮಾನರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ವಾರ್ನಿಷಿನಲ್ಲಿ ಅದ್ದಿದ ಮೇಲೆ ಹದವಾದ ಬಿಸಿಯಲ್ಲಿ ನಿಧಾನ ಒಣಗಬೇಕು. ಕಾರ್ಖಾನೆಯಲ್ಲಾದರೆ ಅದಕ್ಕೇ ಓವನ್ನು ಇತ್ತು. ಡೆಂಕಣಿಕೋಟೆ ದಾರಿಯಲ್ಲಿ ರೇಷ್ಮೆ ನೂಲು ತೆಗೆಯುವವರ ಹತ್ತಿರ ಗೂಡು ಒಣಗಿಸುವ ಬಿಸಿಗಾಳಿಯ ಪೆಟ್ಟಿಗೆ ಇದೆಯೆಂದು ನೆನಪಾಗಿ ಕಾಡಿ ಬೇಡಿ ಅದರಲ್ಲಿಟ್ಟೆ. ಗೂಡುಗಳ ಜೊತೆ ಒಂದು ಹಗಲು ಬೆಂದು ಆರ್ಮೇಚರ್ ಗಾಜಿನಂತೆ ಹೊಳೆಯುತ್ತ ಬಂತು. ಹುಳದ ವಾಸನೆ ಎಷ್ಟಿತ್ತೆಂದರೆ, ವಾಪಸ್ಸು ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯೇ ಇತ್ತು.

ಜೋಡಿಸಿದ ದಿನ ನನ್ನ ಜಂಬ ಹೇಳತೀರದು. ಗಡುವಿಗೆ ಇನ್ನು ನಾಲ್ಕು ದಿನ. ಬೀಗರು ಮಾರ್ಕೆಟ್ಟಿಗೆ ಹೋದದ್ದು ನೋಡಿ ನಾನೂ ಅಕ್ಕನೂ ಇಬ್ಬರೇ ಹೊರಟೆವು. ಗಾಡಿ ಗುಡುಗುಡು ಎಂದು ಸೊಗಸಾಗಿ ಓಡಿತು. ದಿಣ್ಣೆ ಶುರುವಾಯಿತು. ಮುನೇಶ್ವರನ ಗುಡಿ ಬಂತು. ಗಾಡಿ ನಿಂತಿತು.

ಅಕ್ಕ ಇಳಿದು ಕಲ್ಲು ಕೊಟ್ಟರು, ಫ್ಲಾಸ್ಕು ತೆಗೆದುಕೊಂಡು ಮರದ ಕೆಳಗೆ ಹೋದರು. ಆ ನಡಿಗೆ ನೋಡಿ ನನಗೆ ದುಃಖವಾಗಬೇಕಿತ್ತು, ಕೋಪ ಬಂತು. ಅಕ್ಕನ ಮೇಲಲ್ಲ, ಗಾಡಿಯ ಮೇಲೂ ಅಲ್ಲ, ನನ್ನ ಹನ್ನೆರಡು ದಿನದ ಮೇಲೆ. ಅರ್ಧ ಗಂಟೆ ಕಾಯುವ ಜೀವ ನನ್ನದಲ್ಲ. ಸೆರಗು ಸಿಕ್ಕಿಸಿಕೊಂಡು ಹ್ಯಾಂಡಲ್ ಹಿಡಿದು ಒಂದೇ ಒಂದು ಸಲ ಜಗ್ಗಿದೆ. ಇಂಜಿನ್ನು ಹೊತ್ತಿಕೊಂಡಿತು.

ಅಕ್ಕ ಫ್ಲಾಸ್ಕಿನ ಮುಚ್ಚಳ ಕೈಯಲ್ಲೇ ಹಿಡಿದುಕೊಂಡು ಎದ್ದು ನಿಂತರು. ನಾನು ಹ್ಯಾಂಡಲ್ ಹಿಡಿದುಕೊಂಡು ನಿಂತೆ. ಮೂರು ವರ್ಷ ಈ ಗಾಡಿ ನಿಂತ ತಕ್ಷಣ ಯಾರೂ ಹ್ಯಾಂಡಲ್ ಹಾಕಿ ನೋಡಿಯೇ ಇರಲಿಲ್ಲ. ಅಪ್ಪನ ಕಟ್ಟಳೆ ಮೀರುವವರು ಆ ಮನೆಯಲ್ಲಿ ಯಾರಿದ್ದಾರೆ? ಬಿಸಿಗೆ ಸತ್ತ ಕಾಯಿಲ್ ಬಿಸಿಯಲ್ಲೇ ಹೇಗೆ ಬದುಕುತ್ತದೆ? ಅಂದರೆ ಬಿಸಿಯದಲ್ಲ, ಕಾಯಿಲಿನದೂ ಅಲ್ಲ. ಹೊಸದೂ ಚೆನ್ನಾಗಿದೆ, ಕತ್ತರಿ ಹಾಕಿ ಎಸೆದ ಹಳೆಯದೂ ಚೆನ್ನಾಗಿತ್ತು. ಮುಖಕ್ಕೆ ಬಿಸಿನೀರು ಎರಚಿದ ಹಾಗಾಯಿತು.

ಹಿಂದಕ್ಕೆ ಇಳಿದು ಮತ್ತೆ ಹತ್ತಲು ಹೇಳಿದೆ. ಅದೇ ಜಾಗದಲ್ಲಿ ನಿಂತಿತು, ಜಗ್ಗಿದ ಕೂಡಲೇ ಹೊರಟಿತು. ಮೂರನೆಯ ಸಲ ನಾನು ಇಂಜಿನ್ನಿನ ಕಡೆ ಕಿವಿ ಕೊಡಲಿಲ್ಲ, ಪಕ್ಕದಲ್ಲಿ ಕೂತು ಅಕ್ಕನನ್ನೇ ನೋಡಿದೆ. ಗುಡಿಯ ಎದುರಿಗೆ ಬರುತ್ತಲೂ ಅಕ್ಕ ಎರಡೂ ಕೈಗಳಿಂದ ಸ್ಟೀರಿಂಗ್ ಚಕ್ರ ಹಿಡಿದಂತೆಯೇ ಬಗ್ಗಿ ಹಣೆಯನ್ನು ಅದರ ಮೇಲೆ ಒತ್ತಿದರು. ಇಂಜಿನ್ನು ಸತ್ತಿತು. ತಲೆ ಎತ್ತಿ ಅಭ್ಯಾಸದಂತೆ ಕ್ಲಚ್ಚು, ಬ್ರೇಕು ತುಳಿದರು.

ಈಗ ಏನು ಮಾಡಿದಿರಿ ಎಂದು ಕೇಳಿದೆ.

"ಏನೂ ಮಾಡ್ನಿಲ್ವಲ್ಲಮ್ಮಾ," ಎಂದರು ಅಕ್ಕ.

ಸುಳ್ಳಲ್ಲ. ಅವರ ಲೆಕ್ಕಕ್ಕೆ ಅದು ರೆಪ್ಪೆ ಬಡಿದಷ್ಟೇ. ಗಾಡಿ ಕಲಿಸುವಾಗ ಅಪ್ಪ ಹೇಳಿದ್ದರಂತೆ, ಮುನೇಶ್ವರನಿಗೆ ಕೈ ಮುಗಿಯದೆ ದಾಟಬಾರದು, ಆದರೆ ಚಕ್ರದಿಂದ ಕೈಯನ್ನೂ ಬಿಡಬಾರದು, ಆದ್ದರಿಂದ ಚಕ್ರಕ್ಕೇ ಹಣೆ ಮುಟ್ಟಿಸು ಎಂದು. ಐವತ್ತಾರು ವರ್ಷ ಮುಟ್ಟಿಸಿದ್ದಾರೆ. ಮೆಕ್ಯಾನಿಕ್ಕುಗಳು ಮುಟ್ಟಿಸಿರಲಿಲ್ಲ, ಪಾಪ, ಅದಕ್ಕೇ ಅವರಿಗೆ ರೋಗ ಸಿಗಲಿಲ್ಲ.

ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ನು ಓಡುತ್ತಿರುವಂತೆಯೇ ಹಣೆ ಮುಟ್ಟಿಸಲು ಹೇಳಿದೆ. ಸತ್ತಿತು. ಇನ್ನೊಮ್ಮೆ. ಸತ್ತಿತು. ಅಂಗಾತ ಮಲಗಿ ಹಲಗೆಯ ಕೆಳಗೆ ತಲೆ ತೂರಿಸಿದೆ. ಇಲಿ ಕಡಿದು ಬರೀ ತಾಮ್ರ ಕಾಣುತ್ತಿದ್ದ ಸ್ವಿಚ್ಚಿನ ವೈರು ಸ್ಟೀರಿಂಗ್ ಚಕ್ರದ ಕಬ್ಬಿಣದ ಕಂಬದಿಂದ ಒಂದು ಬೆರಳಗಲ ದೂರದಲ್ಲಿ ಜೋತಾಡುತ್ತಿತ್ತು. ಕಂಬವನ್ನು ಅಲುಗದಂತೆ ಹಿಡಿದಿಡುವ ಬುಷ್ಷು ಸವೆದಿತ್ತು. ಮೇಲಿಂದ ಹಣೆ ಒತ್ತಿದಾಗ ಕಂಬ ಕುಸಿದು ವೈರಿಗೆ ತಾಗುತ್ತಿತ್ತು. ನಾನು ಶುದ್ಧ ಎಂದು ಬಿಟ್ಟಿದ್ದ ಅದೇ ವೈರು. ನನ್ನ ಕೈಚೀಲದಲ್ಲಿ ತಂತಿಗೆ ತೊಡಿಸುವ ಸ್ಲೀವ್ ಕೊಳವೆಯ ಚೂರು ಸದಾ ಇರುತ್ತದೆ. ಅದನ್ನು ತೊಡಿಸಿ, ವೈರನ್ನು ದೂರ ಕಟ್ಟಿದೆ. ಹತ್ತು ನಿಮಿಷದ ಕೆಲಸ.

ಅಕ್ಕ ಮೊದಲು ಬಿದ್ದು ಬಿದ್ದು ನಕ್ಕರು. ದಿನಾ ಅಡ್ಡಬಿದ್ದು ನಾನೇ ಗಾಡಿ ಕೊಲ್ಲುತ್ತಿದ್ದೆನಾ ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹೇಳದೆ ಸುಮ್ಮನಿದ್ದರೆ ಆಗುತ್ತಿತ್ತು. ಕಾಯಿಲೂ ಕೆಟ್ಟಿತ್ತು, ವೈರೂ ಕೆಟ್ಟಿತ್ತು ಎಂದರೆ ಯಾರಿಗೆ ಗೊತ್ತಾಗುತ್ತಿತ್ತು? ಆದರೆ ಆ ನಗುವಿನ ಮುಂದೆ ನನಗೆ ತಡೆಯಲಾಗಲಿಲ್ಲ. ನಿಮ್ಮಪ್ಪನ ಕಾಲದ ಸುರುಳಿ ಚಿನ್ನದಂತೆ ಇತ್ತು ಅಕ್ಕಾ, ನಾನೇ ನೋಡದೆ ಮಾಡದೆ ಹಾಳು ಮಾಡಿದೆ ಎಂದೆ. ಅಕ್ಕ ನಗು ನಿಲ್ಲಿಸಿದರು. ಗುಡಿಯ ಕಡೆ ತಿರುಗಿದರು.

"ಈವಯ್ಯನ ಮುಂದೆ ನಿಂತು ಸುಳ್ಳೇಳ್ನಿಲ್ವಲ್ಲ, ಬುಡು. ಈಗಿರೋ ಸುರುಳಿ ಹೆಣ್ಣ್ ಕೈದಲ್ವಾ."

ಹಾಗೆಂದು ಉಳಿದ ಕಾಫಿಯನ್ನು ಮುಚ್ಚಳಕ್ಕೆ ಬಗ್ಗಿಸಿ ನನಗೆ ಕೊಟ್ಟರು.

ಭಾನುವಾರ ಬೆಳಿಗ್ಗೆ ಪರೀಕ್ಷೆ. ವೈರಿನ ವಿಷಯ ತಮ್ಮನಿಗೆ ಹೇಳಕೂಡದು, ಓಡಿಸಿಯೇ ತೋರಿಸಬೇಕು ಎಂದು ಅಕ್ಕನ ಹಟ. ಬೀಗರು ಬಿಳಿ ಪಂಚೆ ಉಟ್ಟು, ಕೈ ಕಟ್ಟಿಕೊಂಡು ಅಕ್ಕನ ಪಕ್ಕದಲ್ಲಿ ಕೂತರು. ಹಿಂದೆ ನಾನು, ಬಾಯಿಗೆ ಅಡಿಕೆ ಹಾಕಿಕೊಂಡು, ಮಾತು ಹೊರಗೆ ಬರದಿರಲಿ ಎಂದು. ಮಗಳು ಗೇಟಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಸಿದ್ಧವಾಗಿಯೇ ನಿಲ್ಲಿಸಿದ್ದರು.

ದಿಣ್ಣೆ ಹತ್ತುವಾಗ ಬೀಗರು ಗಾಡಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು. ನಾನು ಅಡಿಕೆ ಕಚ್ಚಿ ಹಿಡಿದೆ. ಗುಡಿ ಬಂತು. ಅಕ್ಕ ಇವತ್ತೊಂದು ದಿನ ಬಿಟ್ಟಾರು ಎಂದುಕೊಂಡಿದ್ದೆ, ಇಲ್ಲ, ಯಾವತ್ತಿಗಿಂತ ಹೆಚ್ಚು ಹೊತ್ತು ಹಣೆ ಮುಟ್ಟಿಸಿದರು. ದಾರಿ ನೋಡಕ್ಕಾ ಎಂದು ಬೀಗರು ಕೂಗಿದರು. ಇಂಜಿನ್ನು ಒಂದು ಮಿಡಿತವನ್ನೂ ಬಿಡದೆ ದಿಣ್ಣೆಯ ನೆತ್ತಿ ಮುಟ್ಟಿತು. ಅಡಿಕೆ ನನ್ನ ಗಂಟಲಿಗೆ ಹೋಗಿ ಕೆಮ್ಮು ಹತ್ತಿತು.

ರಾಯಕೋಟೆಯಲ್ಲಿ ಟೊಮೇಟೊ ಕ್ರೇಟು ಇಳಿಸುತ್ತಿದ್ದವರೆಲ್ಲ ಕೆಲಸ ಬಿಟ್ಟು ಫೋನು ಹಿಡಿದು ಬಂದರು. ಪೊಲೀಸಿನವರೊಬ್ಬರು ಸೆಲ್ಫಿ ತೆಗೆಸಿಕೊಂಡರು. ಅಕ್ಕ ಒಂದು ಸುತ್ತು ಹಾಕಿ, ಎಲ್ಲರಿಗೂ ಹಾರ್ನ್ ಒತ್ತಿ, ತಿರುಗಿಸಿದರು. ಬರುವಾಗಲೂ ಮುನೇಶ್ವರನಿಗೆ ಹಣೆ, ಬರುವಾಗಲೂ ಗುಡುಗುಡು. ಅಂಗಳಕ್ಕೆ ಬಂದು ನಿಂತಾಗ ಮಗಳು ಓಡಿ ಬಂದು ನನ್ನ ಭುಜ ಹಿಂಡಿದಳು.

ಬೀಗರು ಇಳಿದರು. ಗಾಡಿಯ ಮುಂದೆ ಹೋಗಿ, ಬಿಸಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತರು. ಗಾಡಿ ಇರಲಿ ಎಂದು ಹೇಳಲಿಲ್ಲ, ಮಾರುತ್ತೇನೆ ಎಂದೂ ಹೇಳಲಿಲ್ಲ. ಅಕ್ಕ ಚಕ್ರ ಹಿಡಿದು ಕೂತೇ ಇದ್ದರು. ಇನ್ನೂ ಏನು ಬೇಕು ಈ ಮನುಷ್ಯನಿಗೆ ಎಂದು ನಾನು ಬಾಯಿ ತೆರೆಯುವುದರಲ್ಲಿದ್ದೆ, ಮಗಳ ಉಗುರು ಭುಜಕ್ಕೆ ಇಳಿಯಿತು.

"ನೀನ್ ಮಾತ್ ಕೊಟ್ಟಿದ್ದೆ ಕಣ್ಲಾ," ಎಂದರು ಅಕ್ಕ.

"ಗಾಡಿ ಇರ್ಲಿ. ಆದ್ರೆ ಇದ್ರಲ್ಲಿ ನಂದೇನದೆ ಅಕ್ಕಾ?" ಬೀಗರು ತಲೆ ಎತ್ತಲಿಲ್ಲ. "ಅಪ್ಪ ನಿಂಗ್ ಕಲ್ಸುವಾಗ ನಂಗೆ ಎಂಟ್ ವರ್ಷ. ಚಕ್ರ ಮುಟ್ಟಾಕೂ ಬಿಡ್ನಿಲ್ಲ. ಆಮ್ಯಾಕೂ ಒಂದಿನ ಯಾರೂ ಬಾ ಅನ್ನಿಲ್ಲ. ನಿಂತೋದಾಗ ಹಗ್ಗ ಕಟ್ಟಿ ಎಳ್ಕೊಂಡ್ ಬರೋ ಕೆಲ್ಸ ಒಂದೇ ನಂದು."

ಅಷ್ಟು ಮಾತುಗಳನ್ನು ಅವರು ಒಟ್ಟಿಗೆ ಆಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅಕ್ಕನೂ ಕೇಳಿರಲಿಲ್ಲ ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಮೂರು ವರ್ಷ ನಾವೆಲ್ಲ ಗಾಡಿಯ ರೋಗ ಹುಡುಕುತ್ತಿದ್ದೆವು. ನನಗಂತೂ ನಾಚಿಕೆಯಾಯಿತು. ಇವರನ್ನು ಕಲ್ಲು ಎಂದುಕೊಂಡು ಎಷ್ಟು ಸಲ ಮನಸ್ಸಿನಲ್ಲಿ ಬೈದಿದ್ದೆ.

ಅಕ್ಕ ಇಳಿದರು. ಸೀಟಿನ ಮೇಲಿದ್ದ ತಮ್ಮ ದಿಂಬನ್ನು ತೆಗೆದು ನನ್ನ ಕೈಗೆ ಕೊಟ್ಟರು. ತಮ್ಮನ ತೋಳು ಹಿಡಿದು ಚಕ್ರದ ಹಿಂದೆ ಕೂರಿಸಿ, ಯಾವ ಕಾಲಲ್ಲಿ ಏನು ತುಳಿಯಬೇಕು ಎಂದು ಬಗ್ಗಿ ತೋರಿಸಿದರು. ಬೀಗರು ಚಿಕ್ಕ ಹುಡುಗನಂತೆ ಹೂಂ ಹೂಂ ಎಂದರು. ಗಾಡಿ ಒಂದು ಮಾರು ಮುಂದಕ್ಕೆ ನೆಗೆದು, ಗಕ್ಕನೆ ನಿಂತಿತು. ಎಲ್ಲರೂ ನನ್ನ ಮುಖ ನೋಡಿದರು. ಮ್ಯಾಗ್ನೆಟೊದ್ದು ಏನೂ ಇಲ್ಲ, ಕ್ಲಚ್ಚು ಬೇಗ ಬಿಟ್ಟರು ಎಂದೆ.

ಅಕ್ಕ ಆಗಲೇ ಹ್ಯಾಂಡಲ್ ಹಿಡಿದು ಮುಂದೆ ನಿಂತಿದ್ದರು. ಬೀಗರು ಎರಡೂ ಕೈಗಳಿಂದ ಚಕ್ರವನ್ನು ಗಟ್ಟಿಯಾಗಿ ಹಿಡಿದುಕೊಂಡು, ನನ್ನ ಕಡೆ ತಿರುಗದೆಯೇ ಹೇಳಿದರು:

"ಬೀಗ್ರೇ, ಆ ಹೋಟ್ಲಿನೋರ್ಗೆ ನೀವೇ ಒಂದ್ ಫೋನ್ ಹಾಕ್ಬುಡಿ. ಗಾಡಿ ಖಾಲಿ ಇಲ್ಲ ಅನ್ನಿ."